ಬಾಲಂಗೋಚಿ ವಿಲನ್: ಕೈಟ್ ಮ್ಯಾನ್ ಎಂಬ ಗಾಳಿಪಟದ ಕಳ್ಳನ ಹಿಂದಿನ ಕಥೆ

ಬ್ಯಾಟ್‌ಮನ್‌ನ ಊರಾದ ಗಾಥಮ್ ಸಿಟಿಯಲ್ಲಿ ಬರೀ ಕಳ್ಳನಾಗಿದ್ದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ವೇಷ ಬೇಕು, ಒಂದು ಹೆಸರು ಬೇಕು, ಒಂದು ಗೀಳು ಬೇಕು. ಒಬ್ಬ ಒಗಟು ಹೇಳಿ ಕಳ್ಳತನ ಮಾಡುತ್ತಾನೆ, ಇನ್ನೊಬ್ಬ ಕೊಡೆ ಹಿಡಿದು ಬರುತ್ತಾನೆ, ಮತ್ತೊಬ್ಬ ನಗುನಗುತ್ತಲೇ ಕೊಲ್ಲುತ್ತಾನೆ. ಇವರ ಸಾಲಿನ ಕಟ್ಟಕಡೆಯಲ್ಲಿ, ಬೆನ್ನಿಗೆ ಗಾಳಿಪಟ ಕಟ್ಟಿಕೊಂಡು ಒಬ್ಬ ನಿಂತಿದ್ದಾನೆ. ಅವನೇ ಕೈಟ್ ಮ್ಯಾನ್.

ಇವನ ಹೆಸರು ನನ್ನ ಕಿವಿಗೆ ಬಿದ್ದಿದ್ದು 2017ರಲ್ಲಿ ಬಂದ ಲೆಗೊ ಬ್ಯಾಟ್‌ಮನ್ ಸಿನಿಮಾದಲ್ಲಿ. ಬ್ಯಾಟ್‌ಮನ್‌ನ ಶತ್ರು ಜೋಕರ್ ಒಬ್ಬ ಪೈಲಟ್‌ನ ಎದುರು ತನ್ನ ಪಡೆಯವರ ಹೆಸರು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಕ್ಯಾಲೆಂಡರ್ ಮ್ಯಾನ್, ಕೈಟ್ ಮ್ಯಾನ್, ಜೀಬ್ರಾ ಮ್ಯಾನ್, ಕೊನೆಗೆ ಸಾಸ್ ಚಿಮ್ಮಿಸುವ ಕಾಂಡಿಮೆಂಟ್ ಕಿಂಗ್. ಪೈಲಟ್‌ಗೆ ಅನುಮಾನ ಬರುತ್ತದೆ, ಇದರಲ್ಲಿ ಕೆಲವನ್ನು ನೀನೇ ಹುಟ್ಟಿಸಿ ಹೇಳುತ್ತಿದ್ದೀಯಾ ಅಂತ. ಎಲ್ಲರೂ ನಿಜ, ಬೇಕಿದ್ದರೆ ಗೂಗಲ್ ಮಾಡಿ ನೋಡು ಅಂತಾನೆ ಜೋಕರ್. ನಾನು ಮನೆಗೆ ಬಂದು ನೋಡಿದೆ. ನಿಜವೇ.

ಕೈಟ್ ಮ್ಯಾನ್ ಹುಟ್ಟಿದ್ದು 1960ರ ಆಗಸ್ಟ್‌ನಲ್ಲಿ, ಡಿಸಿ ಎಂಬ ಕಾಮಿಕ್ಸ್ ಕಂಪನಿಯ ‘ಬ್ಯಾಟ್‌ಮನ್’ 133ನೇ ಸಂಚಿಕೆಯಲ್ಲಿ. ಬೆಲೆ 10 ಸೆಂಟ್. ದೊಡ್ಡ ಗಾಳಿಪಟ ಅವನ ವಾಹನ, ಚಿಕ್ಕಚಿಕ್ಕ ಗಾಳಿಪಟಗಳೇ ಆಯುಧ. ಗಾಳಿಯಲ್ಲಿ ತೇಲಿಕೊಂಡು ಬಂದು ಒಡವೆ ಕದಿಯುತ್ತಾನೆ. ಜೈಲಿನಲ್ಲಿದ್ದ ಗ್ಯಾಂಗ್ ಲೀಡರ್ ಒಬ್ಬನನ್ನು ಗಾಳಿಪಟದ ಸಹಾಯದಿಂದಲೇ ಹೊರಗೆ ತರುತ್ತಾನೆ. ಕೊನೆಗೆ ಸಿಕ್ಕಿಬೀಳುತ್ತಾನೆ. ಅವನಿಗೆ ಹೆಂಡತಿ ಮಕ್ಕಳಿದ್ದರಾ, ಯಾಕೆ ಕಳ್ಳನಾದ, ಬೇರೆಲ್ಲ ಬಿಟ್ಟು ಗಾಳಿಪಟವನ್ನೇ ಯಾಕೆ ಹಿಡಿದ? ಇದನ್ನೆಲ್ಲ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಇಂಥ ಪುಕ್ಕಲು ಐಡಿಯಾ ಆಗ ಯಾಕೆ ಬಂತು ಅನ್ನೋದಕ್ಕೆ ಕಾರಣ ಇದೆ. 1954ರಲ್ಲಿ ಅಮೆರಿಕದಲ್ಲಿ ಕಾಮಿಕ್ಸ್ ಮೇಲೆ ದೊಡ್ಡ ಗಲಾಟೆಯಾಯಿತು. ಮನೋವೈದ್ಯ ಫ್ರೆಡ್ರಿಕ್ ವರ್ಥಮ್, ಈ ಪುಸ್ತಕಗಳು ಮಕ್ಕಳನ್ನು ಕೆಡಿಸುತ್ತಿವೆ ಎಂದು ಬರೆದರು. ಸೆನೆಟ್‌ನಲ್ಲಿ ವಿಚಾರಣೆ ನಡೆಯಿತು. ಹೆದರಿದ ಪ್ರಕಾಶಕರು ತಮ್ಮ ಮೇಲೆ ತಾವೇ ನಿಯಮ ಹೇರಿಕೊಂಡರು. ಅದೇ ಕಾಮಿಕ್ಸ್ ಕೋಡ್. ರಕ್ತ ಬೇಡ, ಭಯ ಬೇಡ, ಅಪರಾಧಿಯ ಮೇಲೆ ಕನಿಕರ ಹುಟ್ಟುವ ಹಾಗೆ ಬರೆಯುವುದಂತೂ ಬೇಡವೇ ಬೇಡ. ಬ್ಯಾಟ್‌ಮನ್‌ನನ್ನೇ ಮೋಹಿಸುವ ಕಳ್ಳಿ ಕ್ಯಾಟ್‌ವುಮನ್‌ನಂಥ ಪಾತ್ರವೇ 1954ರಿಂದ 1966ರವರೆಗೆ ಕಾಣೆಯಾಗಿಬಿಟ್ಟಳು. ಕೊಲ್ಲದೆ, ಹೆದರಿಸದೆ, ಯಾರನ್ನೂ ಮೋಹಿಸದೆ ಇರುವ ವಿಲನ್ ಏನು ಮಾಡಬೇಕು ಹೇಳಿ? ಗಾಳಿಪಟ ಹಾರಿಸಬೇಕು.

ಗಾಳಿಪಟದಲ್ಲಿ ಮನುಷ್ಯ ಹಾರುವುದನ್ನು ಓದಿ ಆಗಿನ ಮಕ್ಕಳು ಸುಮ್ನೆ ಕಟ್ಟುಕಥೆ ಅಂದುಕೊಂಡಿರಬೇಕು. ಆದರೆ ವರ್ಜೀನಿಯಾದ ಎಂಜಿನಿಯರ್ ಫ್ರಾನ್ಸಿಸ್ ರೊಗ್ಯಾಲೊ ಮತ್ತು ಅವರ ಹೆಂಡತಿ ಗರ್ಟ್ರೂಡ್ 1948ರಲ್ಲೇ ಅಡುಗೆಮನೆಯ ಹೂವಿನ ಪರದೆ ಹೊಲಿದು ಕಡ್ಡಿಯಿಲ್ಲದ ಹೊಸ ನಮೂನೆಯ ಗಾಳಿಪಟ ಮಾಡಿದ್ದರು. ಬಾಹ್ಯಾಕಾಶದಿಂದ ಬರುವ ನೌಕೆಯನ್ನು ಅದರಲ್ಲಿ ಇಳಿಸಬಹುದಾ ಅಂತ ನಾಸಾ ಕೂಡ ಪ್ರಯೋಗ ಮಾಡಿತು. 1963ರಲ್ಲಿ ಆಸ್ಟ್ರೇಲಿಯಾದ ಜಾನ್ ಡಿಕೆನ್ಸನ್ ಮಾಡಿದ ಅಂಥದ್ದೇ ರೆಕ್ಕೆಗೆ ಜೋತುಬಿದ್ದು ಮನುಷ್ಯ ನೀರಿನ ಮೇಲೆ ಹಾರಿದ. ಆಮೇಲೆ ಹ್ಯಾಂಗ್ ಗ್ಲೈಡರ್ ಜನಪ್ರಿಯವಾಯಿತು, ಗುಡ್ಡದ ಮೇಲಿಂದ ಜನ ದುಡ್ಡು ಕೊಟ್ಟು ಜಿಗಿಯತೊಡಗಿದರು. ಕೈಟ್ ಮ್ಯಾನ್ ಒಂದು ಹೆಜ್ಜೆ ಮುಂದೆಯೇ ಇದ್ದ. ಅದರ ಲಾಭ ಮಾತ್ರ ಅವನಿಗೆ ಆಗಲಿಲ್ಲ.

ಅವನ ನಿಜ ಹೆಸರು ಚಾರ್ಲ್ಸ್ ಬ್ರೌನ್, ಕರೆಯುವುದು ಚಕ್ ಅಂತ. ‘ಪೀನಟ್ಸ್’ ಪಟ್ಟಿಕಥೆ ಓದಿದವರಿಗೆ ಜೋಕ್ ತಕ್ಷಣ ಗೊತ್ತಾಗುತ್ತದೆ. ಅಲ್ಲಿನ ಚಾರ್ಲಿ ಬ್ರೌನ್‌ಗೆ ಒಂದು ಗಾಳಿಪಟವನ್ನೂ ನೆಟ್ಟಗೆ ಹಾರಿಸೋಕೆ ಬರುವುದಿಲ್ಲ. ಒಂದೋ ಪಟ ಗೋತಾ ಹೊಡೆಯುತ್ತದೆ, ಇಲ್ಲವೇ ಮರ ಅದನ್ನು ನುಂಗುತ್ತದೆ. ಜಗತ್ತಿನಲ್ಲಿ ಗಾಳಿಪಟ ಹಾರಿಸೋಕೆ ಅತ್ಯಂತ ನಾಲಾಯಕ್ಕಾದ ಹುಡುಗನ ಹೆಸರನ್ನೇ ಗಾಳಿಪಟದ ವಿಲನ್‌ಗೆ ಇಟ್ಟಿದ್ದಾರೆ. ಅಲ್ಲಿಗೆ ಅವನ ಜಾತಕ ಬರೆದಾಯಿತು.

ಮುಂದಿನ ವರ್ಷಗಳ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. 19 ವರ್ಷ ಪತ್ತೆಯೇ ಇಲ್ಲ. 1979ರಲ್ಲಿ ‘ಬ್ಯಾಟ್‌ಮನ್’ 315ನೇ ಸಂಚಿಕೆಗೆ ಕಥೆಗಾರ ಲೆನ್ ವೀನ್ ಅವನನ್ನು ಮತ್ತೆ ಕರೆತಂದರು. 1986ರಲ್ಲಿ ಹಾಕ್‌ಮನ್ ಎಂಬ ಹೀರೋ ಕೈಗೆ ಸಿಕ್ಕಿಬಿದ್ದ. ಹಾಕ್‌ಮನ್‌ಗೆ ಹುಟ್ಟಾ ರೆಕ್ಕೆ ಬಂದವನ ಹಾಗೆ ಹಾರೋಕೆ ಬರುತ್ತದೆ. ಅವನ ಎದುರು ಕಾಗದ ಬಟ್ಟೆಯ ಪಟ ಕಟ್ಟಿಕೊಂಡು ನಿಲ್ಲೋದು ಅಂದರೆ ಹದ್ದಿನ ಜೊತೆ ಹುಂಜ ಪಂದ್ಯ ಕಟ್ಟಿದ ಹಾಗೆ. 2006ರಲ್ಲಿ ಶುರುವಾದ ‘52’ ಎಂಬ ವಾರದ ಸರಣಿಯಲ್ಲಿ ಬ್ರೂನೋ ಮ್ಯಾನ್‌ಹೈಮ್ ಎಂಬ ಗ್ಯಾಂಗ್‌ಸ್ಟರ್ ಇವನನ್ನು ತನ್ನ ಗುಂಪಿಗೆ ಸೇರು ಅಂದ. ಇವನು ಒಲ್ಲೆ ಅಂದ. ಮ್ಯಾನ್‌ಹೈಮ್ ಇವನನ್ನು ಕೊಂದು ತಿಂದುಬಿಟ್ಟ. ಹೌದು, ತಿಂದ. 2011ರಲ್ಲಿ ಡಿಸಿ ತನ್ನ ಲೋಕವನ್ನೇ ಅಳಿಸಿ ಹೊಸದಾಗಿ ಬರೆದಿದ್ದರಿಂದ, ಮುಂದೆ ಇವನು ಮತ್ತೆ ಓಡಾಡಿದಾಗ ‘ನೀನು ಸತ್ತಿದ್ದೆಯಲ್ಲಾ’ ಅಂತ ಯಾರೂ ಕೇಳಬೇಕಾಗಿ ಬರಲಿಲ್ಲ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಕೈಟ್ ಮ್ಯಾನ್‌ನನ್ನು ಹುಟ್ಟಿಸಿದ್ದು ಕಥೆಗಾರ ಬಿಲ್ ಫಿಂಗರ್ ಮತ್ತು ಚಿತ್ರಕಾರ ಡಿಕ್ ಸ್ಪ್ರಾಂಗ್. ಇದೇ ಜೋಡಿ 1948ರಲ್ಲಿ ಇನ್ನೊಬ್ಬನನ್ನೂ ಹುಟ್ಟಿಸಿತ್ತು. ಅವನು ರಿಡ್ಲರ್, ಒಗಟಿನ ವಿಲನ್. ಈಗ ಅವನನ್ನು ಬ್ಯಾಟ್‌ಮನ್‌ನ ಮೊದಲ ಸಾಲಿನ ಶತ್ರು ಅನ್ನುತ್ತೇವೆ. ಆದರೆ ಅವನ ಕಥೆಯೂ ಕೈಟ್ ಮ್ಯಾನ್‌ನ ಕಥೆಗಿಂತ ಬೇರೆಯೇನೂ ಇರಲಿಲ್ಲ. 1948ರಲ್ಲಿ ಎರಡು ಸಲ ಬಂದ, ಆಮೇಲೆ 17 ವರ್ಷ ಮೂಲೆ ಸೇರಿದ. 1965ರ ಮೇ ತಿಂಗಳಲ್ಲಿ ಒಂದು ಸಂಚಿಕೆಯಲ್ಲಿ ಮತ್ತೆ ತಲೆ ಹಾಕಿದ. ಅದೇ ಹೊತ್ತಿಗೆ ಬ್ಯಾಟ್‌ಮನ್ ಟಿವಿ ಧಾರಾವಾಹಿ ತಯಾರಾಗುತ್ತಿತ್ತು. ಆ ಸಂಚಿಕೆಯ ಕಥೆಯನ್ನೇ ಎತ್ತಿಕೊಂಡು 1966ರ ಜನವರಿ 12ರಂದು ಮೊದಲ ಎಪಿಸೋಡ್ ಬಂತು. ಫ್ರಾಂಕ್ ಗೋರ್ಶಿನ್ ಹಸಿರು ಬಟ್ಟೆ ತೊಟ್ಟು ಕಿಲಕಿಲ ನಕ್ಕರು. ರಿಡ್ಲರ್ ರಾತ್ರೋರಾತ್ರಿ ದೊಡ್ಡ ಮನುಷ್ಯನಾದ. ಕೈಟ್ ಮ್ಯಾನ್‌ಗೆ ಆ ಧಾರಾವಾಹಿಯಲ್ಲಿ ಒಂದು ಎಪಿಸೋಡೂ ಸಿಗಲಿಲ್ಲ.

ಒಂದೇ ಬಿದಿರಿನ ಕಡ್ಡಿ ಸೀಳಿ ಮಾಡಿದ ಎರಡು ಪಟ. ಒಂದಕ್ಕೆ ಗಾಳಿ ಸಿಕ್ಕಿತು, ಇನ್ನೊಂದು ಬಾಲಂಗೋಚಿ ಎಳೆದುಕೊಂಡು ನೆಲದಲ್ಲೇ ಉಳಿಯಿತು. ಇದನ್ನು ಮನಸ್ಸಲ್ಲಿಟ್ಟುಕೊಂಡು ಮುಂದಿನದ್ದನ್ನು ಓದಿ.

2016ರಲ್ಲಿ ಕಥೆಗಾರ ಟಾಮ್ ಕಿಂಗ್ ‘ಬ್ಯಾಟ್‌ಮನ್’ ಬರೆಯೋಕೆ ಶುರು ಮಾಡಿದರು. ಮೊದಮೊದಲು ಅವರಿಗೂ ಕೈಟ್ ಮ್ಯಾನ್ ಅಂದರೆ ತಮಾಷೆಯೇ. ಎಲ್ಲಿಂದಲೋ ಹಾರಿಕೊಂಡು ಬರುತ್ತಾನೆ, ಹಲ್ಲು ಕಿರಿದು ‘ಕೈಟ್ ಮ್ಯಾನ್. ಹೆಲ್ ಯೆ’ ಅಂತಾನೆ, ಏಟು ತಿಂದು ಬೀಳುತ್ತಾನೆ. ಈ ‘ಹೆಲ್ ಯೆ’ ಅನ್ನೋದನ್ನ ಕನ್ನಡಕ್ಕೆ ತರೋದು ಕಷ್ಟ. ‘ಹೂಂ ಮತ್ತೆ!’ ಅನ್ನಬಹುದೇನೋ. ಆದರೆ ಅದರೊಳಗೆ ಒಂದು ಚೂರು ಬೈಗುಳವೂ ಇದೆ, ಮಕ್ಕಳು ಅಂದರೆ ಅಪ್ಪ ಅಮ್ಮ ಗದರುವಷ್ಟು. ಓದುಗರು ಆ ಮಾತಿಗೆ ನಕ್ಕರು.

ಮರುವರ್ಷ 25ರಿಂದ 32ನೇ ಸಂಚಿಕೆಯವರೆಗೆ ‘ದಿ ವಾರ್ ಆಫ್ ಜೋಕ್ಸ್ ಅಂಡ್ ರಿಡಲ್ಸ್’ ಬಂತು. ಇದು ಬ್ಯಾಟ್‌ಮನ್ ಇನ್ನೂ ಹೊಸಬನಾಗಿದ್ದಾಗಿನ ಕಥೆ. ಜೋಕರ್‌ಗೆ ನಗು ಬರುವುದೇ ನಿಂತುಹೋಗಿದೆ. ರಿಡ್ಲರ್‌ಗೂ ಅವನಿಗೂ ಜಿದ್ದು ಬಿದ್ದು ಊರಿನ ವಿಲನ್‌ಗಳೆಲ್ಲ ಎರಡು ಪಂಗಡವಾಗಿ ಹೊಡೆದಾಡುತ್ತಿದ್ದಾರೆ. ನಡುವೆ 27 ಮತ್ತು 30ನೇ ಸಂಚಿಕೆಗಳು ಮಾತ್ರ ಒಬ್ಬ ಬಡಪಾಯಿಯ ಕಥೆ ಹೇಳುತ್ತವೆ, ಕ್ಲೇ ಮ್ಯಾನ್ ಅವರ ಚಿತ್ರಗಳಲ್ಲಿ.

ಚಾರ್ಲ್ಸ್ ಬ್ರೌನ್‌ಗೆ ಆಗಿನ್ನೂ ವೇಷವಿಲ್ಲ. ಕುಡಿತದ ಚಟ ಇದೆ, ಹೆಂಡತಿ ಬಿಟ್ಟುಹೋಗಿದ್ದಾಳೆ. ಗಾಳಿಯಲ್ಲಿ ವಸ್ತುಗಳು ಹೇಗೆ ಸಾಗುತ್ತವೆ ಅನ್ನೋ ವಿದ್ಯೆ ಚೆನ್ನಾಗಿ ಗೊತ್ತು. ಆ ವಿದ್ಯೆಯಿಂದಲೇ ಜೋಕರ್‌ನ ಕಾರಿಗೆ ಕೆಲಸ ಮಾಡಿಕೊಟ್ಟಿದ್ದಾನೆ. ಈ ಸುಳಿವು ಹಿಡಿದು ಬ್ಯಾಟ್‌ಮನ್ ಬರುತ್ತಾನೆ, ಒತ್ತಡ ಹಾಕುತ್ತಾನೆ. ಅತ್ತ ರಿಡ್ಲರ್ ಕೂಡ ಅವನನ್ನು ಎಳೆದುಕೊಂಡು ಹೋಗುತ್ತಾನೆ. ಮೂವರು ದೊಡ್ಡವರ ನಡುವೆ ಸಿಕ್ಕಿ ನಲುಗುವ ಇವನಿಗೆ ಜೀವನದಲ್ಲಿ ಇರುವ ಸುಖ ಒಂದೇ. ಅವನ ಪುಟ್ಟ ಮಗ, ಅವನ ಹೆಸರೂ ಚಾರ್ಲಿ. ಅಪ್ಪ ಮಗ ಸೇರಿದರೆ ಗಾಳಿಪಟ ಹಾರಿಸುತ್ತಾರೆ. ಖುಷಿಯಾದಾಗ ಆ ಹುಡುಗ ಹೇಳುವ ಮಾತೇ ‘ಹೆಲ್ ಯೆ’.

ರಿಡ್ಲರ್ ಆ ಗಾಳಿಪಟದ ದಾರಕ್ಕೆ ವಿಷ ಸವರಿಸುತ್ತಾನೆ.

ಪಟ ಹಾರಿಸಿದವರಿಗೆ ಗೊತ್ತು, ದಾರ ಅನ್ನೋದು ಬೆರಳಿನ ಸಂದಿಯಲ್ಲಿ ಗಂಟೆಗಟ್ಟಲೆ ಉಜ್ಜುತ್ತಲೇ ಇರುತ್ತದೆ. ಕೊಯ್ದರೆ ಬೆರಳನ್ನು ಸುಮ್ನೆ ಬಾಯಿಗಿಟ್ಟುಕೊಳ್ಳುತ್ತೇವೆ. ಮಾಂಜಾ ದಾರ ಕತ್ತು ಕೊಯ್ದ ಸುದ್ದಿಗಳನ್ನು ಪ್ರತಿವರ್ಷ ಓದುವ ನಮಗೆ ದಾರವೂ ಆಯುಧ ಆಗಬಹುದು ಅನ್ನೋದು ಹೊಸದಲ್ಲ. ಆದರೂ ಆ ಪುಟಕ್ಕೆ ಬಂದಾಗ ನನ್ನ ಕೈ ನಿಂತಿತು. ಹುಡುಗ ಆಸ್ಪತ್ರೆಯಲ್ಲಿ ಸಾಯುತ್ತಾನೆ. ಅಪ್ಪ ಜೋಕರ್ ಹತ್ತಿರ ಹೋಗಿ ನನ್ನನ್ನೂ ನಿನ್ನ ಕಡೆ ಸೇರಿಸಿಕೋ ಅಂತಾನೆ. ಹೆಸರು ಏನು ಇಟ್ಟುಕೊಳ್ಳುತ್ತಾನೆ ಅಂತ ಹೇಳಬೇಕಾಗಿಲ್ಲ. ಇಷ್ಟು ದಿನ ನಾವು ನಕ್ಕ ಆ ಮಾತು ಮಗನ ಮಾತು.

ಮಗು ಸತ್ತರೆ ಓದುಗ ಅಳುತ್ತಾನೆ ಅನ್ನೋದು ಹಳೇ ಉಪಾಯ, ನನಗೆ ಅಂಥವು ಅಷ್ಟಾಗಿ ಇಷ್ಟವಿಲ್ಲ. ಇಲ್ಲಿ ಅದು ನಾಟಿದ್ದು ಯಾಕೆಂದರೆ ಕಥೆ ಆ ಉಪಾಯವನ್ನೇ ಬಯಲು ಮಾಡುತ್ತದೆ. 32ನೇ ಸಂಚಿಕೆಯಲ್ಲಿ ಎಲ್ಲ ಮುಗಿದ ಮೇಲೆ ರಿಡ್ಲರ್ ಬಾಯಿ ಬಿಡುತ್ತಾನೆ. ಜೋಕರ್ ಯಾಕೆ ನಗುತ್ತಿಲ್ಲ ಅನ್ನೋದೇ ಅವನ ಒಗಟು. ಅದಕ್ಕೆ ಉತ್ತರ ಕೈಟ್ ಮ್ಯಾನ್. ಒಬ್ಬ ಅಯೋಗ್ಯನನ್ನು ಹುಡುಕಿ, ಅವನ ಮಗನನ್ನು ಕೊಂದು, ಅವನು ಇಂಥ ನಗೆಪಾಟಲಿನ ವೇಷ ಕಟ್ಟುವ ಹಾಗೆ ಮಾಡಿದ್ದು, ಅದನ್ನು ನೋಡಿ ಜೋಕರ್ ನಗಲಿ ಅಂತ. ಅಂದರೆ ಆ ಮಗು ಸತ್ತಿದ್ದು ಒಂದು ಜೋಕಿಗಾಗಿ. ಅಲ್ಲಿಯವರೆಗೆ ಆ ಜೋಕಿಗೆ ನಗುತ್ತಿದ್ದವರು ನಾವು.

ಬ್ಯಾಟ್‌ಮನ್‌ಗೆ ತಡೆದುಕೊಳ್ಳೋಕೆ ಆಗಲಿಲ್ಲ. ಯಾರನ್ನೂ ಕೊಲ್ಲುವುದಿಲ್ಲ ಎಂಬ ವ್ರತ ಮರೆತು ಚಾಕು ಎತ್ತಿ ರಿಡ್ಲರ್ ಮೇಲೆ ಬೀಸಿದ. ನಡುವೆ ಕೈ ಅಡ್ಡ ಹಿಡಿದು ಅದನ್ನು ತಡೆದವನು ಜೋಕರ್. ಅಂಗೈಯಲ್ಲಿ ಚಾಕು ನಾಟಿದೆ, ಅವನು ನಗುತ್ತಿದ್ದಾನೆ. ಕೊನೆಗೂ ನಗು ಬಂತು. ಈ ಇಡೀ ಕಥೆಯನ್ನು ಬ್ರೂಸ್ ವೇಯ್ನ್, ಅಂದರೆ ಮುಸುಕಿನ ಹಿಂದಿನ ಬ್ಯಾಟ್‌ಮನ್, ತಾನು ಮದುವೆಯಾಗಬೇಕೆಂದಿರುವ ಕ್ಯಾಟ್‌ವುಮನ್‌ಗೆ ಹೇಳುತ್ತಿದ್ದಾನೆ, ನಾನು ಎಂಥವನು ಅಂತ ತಿಳಿದುಕೊಂಡು ಆಮೇಲೆ ಒಪ್ಪು ಅಂತ. ಅವಳು ಒಪ್ಪುತ್ತಾಳೆ.

ಕಥೆಯ ಒಳಗೆ ರಿಡ್ಲರ್ ಕೈಟ್ ಮ್ಯಾನ್‌ನ ಮಗನನ್ನು ಕೊಂದ. ಕಥೆಯ ಹೊರಗೆ ನೋಡಿದರೆ ಇಬ್ಬರೂ ಒಂದೇ ಕೈಯಲ್ಲಿ ಹುಟ್ಟಿದ ಅಣ್ಣ ತಮ್ಮ. ಕಿಂಗ್ ಇದನ್ನು ಗೊತ್ತಿದ್ದೇ ಮಾಡಿದರೋ ಹಾಗೇ ಬಂತೋ, ನನಗಂತೂ ಈಗ ಅದನ್ನು ಮರೆತು ಆ ಸಂಚಿಕೆ ಓದೋಕೆ ಆಗುವುದಿಲ್ಲ.

ಅಲ್ಲಿಂದಾಚೆ ಕೈಟ್ ಮ್ಯಾನ್‌ಗೆ ಗಾಳಿ ತಿರುಗಿತು. 2019ರ ಕೊನೆಯಲ್ಲಿ ಶುರುವಾದ ‘ಹಾರ್ಲಿ ಕ್ವಿನ್’ ಅನಿಮೇಷನ್ ಸರಣಿಯಲ್ಲಿ ಅವನು ಹಾರ್ಲಿಯ ಗೆಳತಿ, ಪಾಯ್ಸನ್ ಐವಿ ಎಂಬ ವಿಲನ್‌ನ ಪ್ರೇಮಿ. ಮ್ಯಾಟ್ ಓಬರ್ಗ್ ದನಿ ಕೊಟ್ಟ ಈ ಕೈಟ್ ಮ್ಯಾನ್ ದಡ್ಡ, ಆದರೆ ಒಳ್ಳೆಯವನು. ಎರಡನೇ ಸೀಸನ್ನಿನ ಕೊನೆಗೆ ಮದುವೆ ಮಂಟಪದಲ್ಲೇ, ಐವಿಯ ಮನಸ್ಸು ಹಾರ್ಲಿಯ ಹತ್ತಿರ ಇದೆ ಅಂತ ಅರ್ಥವಾಗಿ ಅವನೇ ಹಿಂದೆ ಸರಿಯುತ್ತಾನೆ. 2024ರ ಜುಲೈನಲ್ಲಿ ಅವನ ಹೆಸರಿನದ್ದೇ ಒಂದು ಸರಣಿ ಬಂತು, ‘ಕೈಟ್ ಮ್ಯಾನ್: ಹೆಲ್ ಯೆ!’ ಅಂತ, 10 ಎಪಿಸೋಡ್. ಅದರಲ್ಲಿ ಗೋಲ್ಡನ್ ಗ್ಲೈಡರ್ ಎಂಬ ಗೆಳತಿಯ ಜೊತೆ ಸೇರಿ ವಿಲನ್‌ಗಳು ಕುಡಿಯೋಕೆ ಬರುವ ಒಂದು ಬಾರ್ ನಡೆಸುತ್ತಾನೆ. ಮಗನ ಸಾವಿನ ನೆರಳು ಅಲ್ಲಿ ಇಲ್ಲ.

ಅವನನ್ನು ಬರೆದವರ ವಿಷಯ ಒಂದು ಬಾಕಿ ಇದೆ. 1960ರಲ್ಲಿ ಬ್ಯಾಟ್‌ಮನ್ ಕಥೆಗಳ ಮೇಲೆ ಅಚ್ಚಾಗುತ್ತಿದ್ದಿದ್ದು ಬ್ಯಾಟ್‌ಮನ್‌ನ ಮೊದಲ ಚಿತ್ರಕಾರ ಬಾಬ್ ಕೇನ್ ಅವರ ಒಂದೇ ಹೆಸರು. ಕಥೆ ಬರೆದ ಫಿಂಗರ್ ಹೆಸರು ಇಲ್ಲ, ಚಿತ್ರ ಬರೆದ ಸ್ಪ್ರಾಂಗ್ ಹೆಸರೂ ಇಲ್ಲ. ಬ್ಯಾಟ್‌ಮನ್‌ಗೆ ಆ ಮುಸುಕು, ಆ ಮೇಲಂಗಿ ಕೊಟ್ಟಿದ್ದರಲ್ಲಿ ಫಿಂಗರ್ ಪಾಲು ದೊಡ್ಡದು. 1974ರಲ್ಲಿ, 59ನೇ ವಯಸ್ಸಿಗೆ ಅವರು ತೀರಿಕೊಂಡಾಗ ಅದು ಯಾರಿಗೂ ಸುದ್ದಿಯಲ್ಲ. ಡಿಸಿ ಅಧಿಕೃತವಾಗಿ ಅವರ ಹೆಸರು ಸೇರಿಸಿದ್ದು 2015ರಲ್ಲಿ. ಕಿಂಗ್ ಬರೆದ 32ನೇ ಸಂಚಿಕೆ ಅಂಗಡಿಗೆ ಬಂದಿದ್ದು 2017ರ ಅಕ್ಟೋಬರ್. ಅದೇ ವರ್ಷ ಡಿಸೆಂಬರ್ 8ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಹಿಂದೆ ಫಿಂಗರ್ ಮತ್ತು ಕೇನ್ ಕೂತು ಕಥೆ ಕಟ್ಟುತ್ತಿದ್ದ ಪೋ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಒಂದು ಹೊಸ ಬೋರ್ಡು ಏರಿತು: ಬಿಲ್ ಫಿಂಗರ್ ವೇ.