‘ಅಭ್ಯಾಸ’ ಎಂಬ ಪದದ ಮೂರು ಷರತ್ತುಗಳು

‘15 ದಿನಗಳಲ್ಲಿ ಟ್ಯಾಲಿ ಸಂಪೂರ್ಣ ಅಭ್ಯಾಸ’ ಎಂದು ಲೆಕ್ಕ ಬರೆಯುವ ತಂತ್ರಾಂಶವನ್ನು ಕಲಿಸುವಂಥ ಫಲಕಗಳು ದಾವಣಗೆರೆಯಲ್ಲಿ ಹೆಚ್ಚುತ್ತಿವೆ. ಹದಿನೈದು ದಿನಗಳಲ್ಲಿ ಪರಿಚಯವಾಗಬಹುದು, ಪಾಠ ಮುಗಿಯಬಹುದು, ಅಭ್ಯಾಸವಾಗದು. ಅಷ್ಟು ದಿನಗಳಲ್ಲಿ ಕೈ ಕುದುರದ ಹುಡುಗ ಹುಡುಗಿಯರು ತಮ್ಮಲ್ಲೇ ಏನೋ ಕೊರತೆಯಿದೆಯೆಂದು ನಂಬಿ ಕಲಿಕೆಯನ್ನೇ ಕೈಬಿಡುವುದರಿಂದ, ಈ ಪದವನ್ನು ಇಷ್ಟು ಸಡಿಲವಾಗಿ ಬಳಸುವುದನ್ನು ಸಣ್ಣ ತಪ್ಪೆಂದು ಬಿಟ್ಟುಬಿಡಲಾಗದು.

‘ಅಭಿ’ ಎಂಬ ಉಪಸರ್ಗಕ್ಕೆ ‘ಅಸ್’ ಧಾತು ಸೇರಿ ಅಭ್ಯಾಸವಾಗಿದೆ. ಇದು ‘ಇರು’ ಎಂಬರ್ಥದ ಅಸ್ ಅಲ್ಲ, ‘ಎಸೆ’ ಎಂಬರ್ಥದ ಇನ್ನೊಂದು ಅಸ್. ಒಂದರತ್ತ ಮತ್ತೆ ಮತ್ತೆ ಎಸೆಯುವುದು ಎಂಬ ಭಾವ ಪದದೊಳಗೇ ಇದೆ. ಪಾಣಿನಿಯ ವ್ಯಾಕರಣದಲ್ಲಂತೂ ಧಾತು ಇಮ್ಮಡಿಸಿದಾಗ ಬರುವ ಮೊದಲ ಭಾಗಕ್ಕೇ ಅಭ್ಯಾಸವೆಂಬ ಹೆಸರು. ‘ಕೊಡುತ್ತಾನೆ’ ಎಂಬರ್ಥದ ‘ದದಾತಿ’ಯ ಮೊದಲ ‘ದ’ ಅಂಥದ್ದು. ಆದರೆ ಬರಿಯ ಪುನರಾವೃತ್ತಿ ಸಾಲದೆಂಬುದನ್ನು ಪತಂಜಲಿಯ ಯೋಗಸೂತ್ರ ಸ್ಪಷ್ಟಪಡಿಸುತ್ತದೆ: ದೀರ್ಘಕಾಲ, ನೈರಂತರ್ಯ, ಸತ್ಕಾರ ಎಂಬ ಮೂರೂ ಕೂಡಿದಾಗಲೇ ಅಭ್ಯಾಸದ ನೆಲ ಗಟ್ಟಿಯಾಗುತ್ತದೆ (1.14). ಚಿತ್ತವನ್ನು ನಿಲ್ಲಿಸುವ ಪ್ರಯತ್ನದ ಬಗ್ಗೆ ಹೇಳಿದ ಮಾತಾದರೂ ಯಾವ ಕಸುಬಿನ ಕಲಿಕೆಗೂ ಇದು ಹೊಂದುತ್ತದೆ.

ಈ ಮೂರರಲ್ಲಿ ಹೆಚ್ಚು ಅಪಾರ್ಥಕ್ಕೀಡಾದದ್ದು ನೈರಂತರ್ಯ. ಹಗಲೆಲ್ಲ ಕೆಲಸ ಮಾಡಿ, ರಾತ್ರಿ ಎರಡು ಗಂಟೆಯವರೆಗೆ ಕೋಡಿಂಗ್ ಕಲಿತು, ಮೂರನೆಯ ವಾರಕ್ಕೆ ಸೋತು ಎರಡು ತಿಂಗಳು ಪುಸ್ತಕ ಮುಟ್ಟದವರನ್ನು ‘ನಿರಂತರ ಅಭ್ಯಾಸಿ’ ಎಂದು ಹೊಗಳುವುದು ಪದಕ್ಕೆ ಮಾಡುವ ಅನ್ಯಾಯ. ಇಲ್ಲಿ ಇರಬಾರದ ಅಂತರವೆಂದರೆ ಆ ಎರಡು ತಿಂಗಳ ತೆರಪು, ರಾತ್ರಿಯ ನಿದ್ದೆಯಲ್ಲ. ದಿನಕ್ಕೊಂದು ಗಂಟೆ ಕೂತು ವರ್ಷವಿಡೀ ಬಿಡದೆ ಕಲಿತವರದೇ ನಿಜವಾದ ನೈರಂತರ್ಯ. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಪಿಟೀಲು ವಾದಕರನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನವೂ, ಪೂರ್ಣ ಗಮನ ಬೇಡುವ ಅಭ್ಯಾಸವನ್ನು ದಿನಕ್ಕೆ ಸುಮಾರು 4 ಗಂಟೆಗಿಂತ ಹೆಚ್ಚು ಬಹುಕಾಲ ನಡೆಸಿಕೊಂಡು ಹೋಗುವುದು ಕಷ್ಟವೆಂದು ಹೇಳಿತು. ಅದರಲ್ಲಿ ಕಂಡ ಉತ್ತಮ ವಾದಕರು ನಿದ್ದೆಗೂ ಹೆಚ್ಚು ಸಮಯ ಕೊಡುತ್ತಿದ್ದರು.

ಸತ್ಕಾರವೆಂದರೆ ಇಲ್ಲಿ ಅತಿಥಿಸತ್ಕಾರವಲ್ಲ, ಆದರದಿಂದ ಕೂಡಿದ ಗಮನ. ಅಭ್ಯಾಸವನ್ನು ರೂಢಿಯಿಂದ ಬೇರ್ಪಡಿಸುವುದು ಇದೊಂದೇ. ಹತ್ತು ವರ್ಷ ಒಂದೇ ಬಗೆಯ ಲೆಕ್ಕ ಬರೆದವರಿಗೆ ಅದು ರೂಢಿಯಾಗಿರುತ್ತದೆ. ತಾಳೆಯಾಗದ ಲೆಕ್ಕದಲ್ಲಿ ತಪ್ಪು ಎಲ್ಲಿ ನುಸುಳಿತೆಂದು ಪ್ರತಿಸಲ ಹುಡುಕಿ ತಿದ್ದಿಕೊಂಡವರಿಗೆ ಮಾತ್ರ ಅಭ್ಯಾಸವಾಗಿರುತ್ತದೆ. ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂತವರು ಹಾಸಿನ ಒಂದು ಎಳೆ ಕಡಿದರೂ ಲಾಳಿ ನಿಲ್ಲಿಸಿ ಗಂಟು ಹಾಕಿ ಮುಂದುವರಿಯುತ್ತಾರೆ. ಹಾಗೆ ನಿಲ್ಲಿಸುವುದೂ ಅವರ ಅಭ್ಯಾಸದ ಭಾಗವೇ. ಸಿಗರೇಟು ಸೇದುವುದನ್ನು ‘ಕೆಟ್ಟ ಅಭ್ಯಾಸ’ ಎನ್ನುವ ಮಾತು ಈಗ ಬಳಕೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಆದರೂ ‘ಚಟ’ ಎಂಬ ಒಳ್ಳೆಯ ಪದವಿರುವಾಗ ಅದನ್ನೇ ಬಳಸಬೇಕೆಂಬುದು ನನ್ನ ನಿಲುವು.

ದೀರ್ಘಕಾಲಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಕುಸ್ತಿಗೆ ಹೆಸರಾದ ದಾವಣಗೆರೆಯ ಗರಡಿಮನೆಗಳಲ್ಲಿ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರೆ. ಅರಬ್ಬಿಯಲ್ಲಿ ಬೋಧನೆ ಎಂಬರ್ಥವಿದ್ದ ಆ ಪದ ನಮ್ಮಲ್ಲಿ ಮೈಯಿಂದ ಮಾಡಿ ಕಲಿಯುವುದು ಎಂದಾಗಿದೆ. ‘ತಾಲೀಮು ಮುಗಿಯಿತು’ ಎಂದು ಅಲ್ಲಿ ಯಾರಾದರೂ ಹೇಳಿದರೆ, ಆ ದಿನದ್ದು ಮುಗಿಯಿತು ಎಂದಷ್ಟೇ ಅರ್ಥ.