ಅಂಟಾರ್ಕ್ಟಿಕಾದ ಬಿಡಾರ: ಮೊದಲು ನೆಲ ನೋಡಿ, ಆಮೇಲೆ ಸೂರು

ದೂರದ ಕೆಲಸದ ಜಾಗಕ್ಕೆ ಎಂಥ ವಸತಿ ಬೇಕು ಎಂದು ಕೇಳಿದರೆ ನಾವು ನೇರ ಟೆಂಟೋ, ಶೆಡ್ಡೋ, ಕಂಟೇನರೋ ಎಂಬ ಲೆಕ್ಕಕ್ಕೆ ಇಳಿಯುತ್ತೇವೆ. ನಾನೂ ಹಾಗೇ ಓದಲು ಶುರುಮಾಡಿದ್ದೆ. ಭಾರತದ ಮೂರು ಅಂಟಾರ್ಕ್ಟಿಕಾ ನೆಲೆಗಳನ್ನು ಒಟ್ಟಿಗಿಟ್ಟು ನೋಡಿದ ಮೇಲೆ ಆ ಪ್ರಶ್ನೆ ಎರಡನೆಯದು, ಯಾವ ನೆಲದ ಮೇಲೆ ಕಟ್ಟುತ್ತೇವೆ ಎಂಬುದೇ ಮೊದಲನೆಯದು ಅನ್ನಿಸಿತು.

ಮೊದಲ ನೆಲೆ ದಕ್ಷಿಣ ಗಂಗೋತ್ರಿ, 1983-84ರದ್ದು. ಅದು ನಿಂತಿದ್ದು ಸಮುದ್ರದ ಮೇಲೆ ಚಾಚಿಕೊಂಡ ಮಂಜುಗಡ್ಡೆಯ ಹಾಸಿನ ಮೇಲೆ. ಹಡಗಿಗೆ ಹತ್ತಿರ, ಸಾಮಾನು ಇಳಿಸುವುದು ಸುಲಭ. ಆದರೆ ಕೆಲವೇ ವರ್ಷಗಳಲ್ಲಿ ಕಟ್ಟಡ ಹಿಮದಡಿ ಹೂತುಹೋಗಿ, ಅಲ್ಲಿನ ವಾಸವನ್ನೇ ಬಿಡಬೇಕಾಯಿತು.

ಹೂತುಹೋಗಲು ಆಕಾಶದಿಂದ ಬೀಳುವ ಹಿಮವೊಂದೇ ಕಾರಣವಲ್ಲ. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಹೊಳೆ ನಿಧಾನವಾದ ತಿರುವಿನಲ್ಲಿ ಮರಳು ಕೂರುತ್ತದಲ್ಲ, ಗಾಳಿಯದೂ ಅದೇ ಕಥೆ. ನೆಲದ ಮೇಲೆ ಕೂತ ಪೆಟ್ಟಿಗೆಯಂಥ ಕಟ್ಟಡ ಗಾಳಿಯನ್ನು ತಡೆಯುತ್ತದೆ. ಅದರ ಮರೆಯಲ್ಲಿ ವೇಗ ಕುಗ್ಗಿದ ಗಾಳಿ ಹೊತ್ತು ತಂದ ಹಿಮವನ್ನು ಅಲ್ಲೇ ಕೆಡವುತ್ತದೆ. ಗುಡ್ಡೆ ಬೆಳೆದಷ್ಟೂ ಮರೆ ಹೆಚ್ಚು, ಮರೆ ಹೆಚ್ಚಿದಷ್ಟೂ ಹಿಮ ಹೆಚ್ಚು. ಇನ್ನು ಒಳಗಿನ ಬಿಸಿ ಕೆಳಗಿಳಿದರೆ ಅಡಿಯ ಮಂಜೇ ಸಡಿಲವಾಗುತ್ತದೆ.

ಪರಿಹಾರ ನಮ್ಮ ಹೊಲದ ಅಟ್ಟಣೆಯಂಥದ್ದು: ಕಂಬದ ಮೇಲೆ ಎತ್ತಿ ಕಟ್ಟುವುದು. ಅಡಿಯ ಕಿರಿದಾದ ಸಂದಿಯಲ್ಲಿ ಗಾಳಿ ಜೋರಾಗಿ ನುಗ್ಗಿ ಹಿಮವನ್ನು ತಾನೇ ಗುಡಿಸಿಕೊಂಡು ಹೋಗುತ್ತದೆ. ದಕ್ಷಿಣ ಧ್ರುವದಲ್ಲಿ ಅಮೆರಿಕದವರು 1975ರಲ್ಲಿ ಗುಮ್ಮಟದಡಿ ನೆಲೆ ಮಾಡಿಕೊಂಡಿದ್ದರು. ಅದಕ್ಕೂ ಹಿಮದ ಕಾಟ ತಪ್ಪಲಿಲ್ಲ. 2008ರ ಹೊಸ ಕಟ್ಟಡ ಕಂಬಗಳ ಮೇಲಿದೆ, ಹಿಮ ಏರಿದರೆ ಜಾಕ್ ಹಾಕಿ ಮೇಲೆತ್ತಬಹುದು.

ಭಾರತದ ಎರಡನೆಯ ನೆಲೆ ಮೈತ್ರಿಗೆ (1989) ಆಯ್ದದ್ದು ಶಿರ್ಮಾಕರ್ ಓಯಸಿಸ್ ಎಂಬ ಬರಿ ಬಂಡೆಯ ಜಾಗ. ಅಲ್ಲೂ ಕಂಬಗಳೇ, ಆದರೆ ಕಾಲೂರಿದ್ದು ಕಲ್ಲಿನ ಮೇಲೆ. ಪಕ್ಕದಲ್ಲೇ ಪ್ರಿಯದರ್ಶಿನಿ ಸರೋವರ. ಕುಡಿಯುವ ನೀರಿಗಾಗಿ ಇಂಧನ ಸುಟ್ಟು ಹಿಮ ಕರಗಿಸಬೇಕಿಲ್ಲ ಎಂಬುದು ಸಣ್ಣ ಲಾಭವಲ್ಲ. ಬೆಲೆಯೂ ಇದೆ: ಹಡಗು ನಿಲ್ಲುವ ಅಂಚಿನಿಂದ ನೆಲೆಗೆ ಸುಮಾರು ನೂರು ಕಿಲೋಮೀಟರ್, ಅಷ್ಟೂ ಮಂಜಿನ ಮೇಲೆ ಎಳೆದೊಯ್ಯಬೇಕು. ಮೂವತ್ತು ವರ್ಷ ದಾಟಿಯೂ ಅದು ನಿಂತಿದೆ. ನನ್ನ ಲೆಕ್ಕದಲ್ಲಿ ಬೆಲೆ ದುಬಾರಿಯಲ್ಲ.

ಲಾರ್ಸೆಮನ್ ಬೆಟ್ಟಗಳಲ್ಲಿ 2012ರಲ್ಲಿ ಶುರುವಾದ ಭಾರತಿ ನನಗೆ ಮೂರರಲ್ಲಿ ಅಚ್ಚುಮೆಚ್ಚು. ಅದರ ಒಡಲೇ 134 ಸಾಗಣೆ ಕಂಟೇನರ್‌ಗಳು. ಸಾಮಾನು ತಂದ ಪೆಟ್ಟಿಗೆಯೇ ಕೋಣೆಯಾಯಿತು. ಕಟ್ಟಲು ಸಿಗುವುದು ಬೇಸಿಗೆಯ ಕೆಲವೇ ವಾರ, ಆದ್ದರಿಂದ ಅಲ್ಲಿ ಜೋಡಿಸುವ ಕೆಲಸ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಆದರೆ ಕಂಟೇನರ್ ತಗಡು ಚಳಿಯನ್ನು ನೇರ ಒಳಗೆ ಬಿಡುತ್ತದೆ. ಹಾಗಾಗಿ ಇಡೀ ರಾಶಿಗೆ ಹೊರಗಿಂದ ಶಾಖ ತಡೆಯುವ ಇನ್ನೊಂದು ಚರ್ಮ ಹೊದಿಸಿದ್ದಾರೆ. ಬರಿ ಕಂಟೇನರ್ ಇಳಿಸಿ ಕಿಟಕಿ ಕೊರೆದರೆ ಮನೆಯಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಕಲ್ಲೇ ಸಿಗದಿದ್ದರೆ? ಬ್ರಿಟನ್ನಿನ ಹ್ಯಾಲಿ ನೆಲೆಯ ಕೆಲಸವೇ ಬ್ರಂಟ್ ಎಂಬ ತೇಲುವ ಮಂಜುಗಡ್ಡೆಯ ಹಾಸಿನ ಮೇಲೆ. ಮೊದಲ ನಾಲ್ಕು ಕಟ್ಟಡಗಳು ಒಂದೊಂದಾಗಿ ಹೂತುಹೋದವು; ಆರನೆಯದನ್ನು ಎಂಟು ಬಿಡಿ ಘಟಕಗಳಾಗಿ, ಹಿಮದ ಮೇಲೆ ಜಾರುವ ಸ್ಕೀ ತೊಡಿಸಿದ ಹೈಡ್ರಾಲಿಕ್ ಕಾಲುಗಳ ಮೇಲೆ ಕಟ್ಟಿದರು. ಮಂಜಿನಲ್ಲಿ ಬಿರುಕು ಬೆಳೆಯತೊಡಗಿದಾಗ, 2016-17ರ ಬೇಸಿಗೆಯಲ್ಲಿ, ಘಟಕಗಳನ್ನು ಬಿಚ್ಚಿ ಟ್ರ್ಯಾಕ್ಟರ್ ಕಟ್ಟಿ 23 ಕಿಲೋಮೀಟರ್ ಎಳೆದೊಯ್ದು ಮತ್ತೆ ಜೋಡಿಸಿದರು.