ಪದ ಪರಿಚಯ: ಬ್ಯಾಂಡ್‌ವಿಡ್ತ್

‘ಈ ವಾರ ನನಗೆ ಬ್ಯಾಂಡ್‌ವಿಡ್ತ್ ಇಲ್ಲ.’ ಆಫೀಸಿನ ಇಂಗ್ಲಿಷಿನಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದೊಂದು ರೂಪಕ ಎನ್ನುವುದು ಹೇಳುವವರಿಗೂ ಕೇಳುವವರಿಗೂ ಮರೆತೇಹೋಗಿದೆ. ಹೊಸ ಕೆಲಸ ಬಂದರೆ ಬ್ಯಾಂಡ್‌ವಿಡ್ತ್ ಇಲ್ಲ, ಮೀಟಿಂಗಿಗೆ ಕರೆದರೆ ಇಲ್ಲ. ಈಚೆಗೆ ಗೆಳೆಯರ ಗೋಳು ಕೇಳುವುದಕ್ಕೂ ‘ಎಮೋಷನಲ್ ಬ್ಯಾಂಡ್‌ವಿಡ್ತ್’ ಬೇಕಾಗಿದೆ.

ಪದ ಹುಟ್ಟಿದ್ದು ರೇಡಿಯೋ ಮತ್ತು ಟೆಲಿಫೋನ್ ಎಂಜಿನಿಯರುಗಳ ನಡುವೆ. ಒಂದು ಸಂಕೇತ ಸಾಗುವುದಕ್ಕೆ ಆವರ್ತನಗಳ ಎಷ್ಟು ಅಗಲದ ಪಟ್ಟಿ ಬೇಕು ಎಂಬುದರ ಅಳತೆ ಅದು. ಪಟ್ಟಿಯ ಮೇಲಿನ ಅಂಚಿನಿಂದ ಕೆಳಗಿನ ಅಂಚನ್ನು ಕಳೆದರೆ ಬ್ಯಾಂಡ್‌ವಿಡ್ತ್ ಸಿಗುತ್ತದೆ, ಲೆಕ್ಕ ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದರಲ್ಲಿ. ಹಳೆಯ ಟೆಲಿಫೋನ್ ಮನುಷ್ಯರ ದನಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಪಾಲನ್ನು ಮಾತ್ರ ದಾಟಿಸುತ್ತಿತ್ತು, ಅಂದರೆ 3,100 ಹರ್ಟ್ಸ್ ಅಗಲ. ಫೋನಿನಲ್ಲಿ ‘ಎಸ್’ ಅಂದದ್ದು ‘ಎಫ್’ ಎಂದು ಕೇಳುತ್ತಿದ್ದುದು ಇದರಿಂದಲೇ: ಆ ಎರಡು ಸದ್ದುಗಳನ್ನು ಬೇರೆ ಮಾಡುವ ಏರು ಆವರ್ತನಗಳು ಪಟ್ಟಿಯ ಆಚೆಗೆ ಉಳಿದುಬಿಡುತ್ತಿದ್ದವು. ಇಂದಿನ ವೈಫೈ ಚಾನೆಲ್‌ಗಳ ಅಗಲ 20 ಮೆಗಾಹರ್ಟ್ಸ್‌ನಿಂದ ಶುರುವಾಗಿ 160 ಮೆಗಾಹರ್ಟ್ಸ್ ಮತ್ತು ಅದರಾಚೆಗೂ ಹೋಗುತ್ತದೆ.

1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಈ ಅಗಲಕ್ಕೂ ಅದರಲ್ಲಿ ಹಾಯಬಲ್ಲ ಮಾಹಿತಿಗೂ ಇರುವ ನಂಟನ್ನು ಸೂತ್ರವಾಗಿ ಬರೆದ. ಸೂತ್ರದಲ್ಲಿ ಅಗಲದ ಜೊತೆಗೆ ಇನ್ನೊಂದು ಅಂಶವಿದೆ: ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಬಲವಾಗಿದೆ ಎಂಬುದು. 3,100 ಹರ್ಟ್ಸ್‌ನ ಆ ಟೆಲಿಫೋನ್ ತಂತಿಯನ್ನೇ ತೆಗೆದುಕೊಳ್ಳಿ. ಸಂಕೇತ ಗದ್ದಲಕ್ಕಿಂತ ಸಾವಿರ ಪಟ್ಟು ಬಲವಾಗಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 31,000 ಬಿಟ್ (ಸೊನ್ನೆ ಅಥವಾ ಒಂದು ಎಂಬ, ಮಾಹಿತಿಯ ಅತಿ ಚಿಕ್ಕ ಘಟಕ) ದಾಟುತ್ತವೆ. ಗದ್ದಲ ಏರಿ ಎರಡೂ ಸಮಸಮ ಆದರೆ ಅದೇ ತಂತಿಯಲ್ಲಿ 3,100 ಬಿಟ್ ಮಾತ್ರ. ಅಗಲ ಒಂದಿಷ್ಟೂ ಕಡಿಮೆಯಾಗಿಲ್ಲ, ಸಾಮರ್ಥ್ಯ ಮಾತ್ರ ಹತ್ತರಲ್ಲೊಂದಕ್ಕೆ ಇಳಿದಿದೆ. ಈ ಉದಾಹರಣೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆಮೇಲೆ ಪದ ಎರಡು ಸಲ ಜಾರಿತು. ಮೊದಲ ಸಲ ಹರ್ಟ್ಸ್‌ನಿಂದ ಬಿಟ್‌ಗೆ: ಕಂಪ್ಯೂಟರ್ ಜಾಲದವರು ಸೆಕೆಂಡಿಗೆ ಎಷ್ಟು ಬಿಟ್ ಸಾಗುತ್ತವೆ ಎಂಬುದನ್ನೇ ಬ್ಯಾಂಡ್‌ವಿಡ್ತ್ ಎಂದರು. ಎಂಜಿನಿಯರುಗಳು ಮೂಗು ಮುರಿದರೂ ಅದು ನೆಲೆಯೂರಿತು. ಮುರಿಯುವಂಥದ್ದೇನೂ ಇರಲಿಲ್ಲ, ಅಗಲಕ್ಕೂ ಬಿಟ್ಟಿಗೂ ನೇರ ನಂಟಿದೆ. ಎರಡನೆಯ ಸಲ ಜಾರಿದ್ದು ಯಂತ್ರದಿಂದ ಮನುಷ್ಯನಿಗೆ. ಇಂಗ್ಲಿಷಿಗೆ ಈ ಚಾಳಿ ಹಳೆಯದು. ಉಗಿಯಂತ್ರದ ಕಾಲದಲ್ಲಿ ಸಿಟ್ಟು ಬಂದವರು ‘ಸ್ಟೀಮ್’ ಹೊರಬಿಡುತ್ತಿದ್ದರು, ಈಗಲೂ ಬಿಡುತ್ತಾರೆ.

ಮನುಷ್ಯನನ್ನು ತಂತಿಯಂತೆ ಅಳೆಯುವ ಪ್ರಯತ್ನ ವಿಜ್ಞಾನದಲ್ಲೂ ನಡೆದಿದೆ. ಸ್ವರದ ಏರಿಳಿತ ಒಂದನ್ನೇ ಕೇಳಿ ಗುರುತಿಸಬೇಕಾದಾಗ ನಮ್ಮ ಸಾಮರ್ಥ್ಯ ಸುಮಾರು ಎರಡೂವರೆ ಬಿಟ್, ಅಂದರೆ ಸುಮಾರು ಆರು ಸ್ವರಗಳಾಚೆ ತಪ್ಪುತ್ತೇವೆ ಎಂದು 1956ರ ಪ್ರಸಿದ್ಧ ಪ್ರಬಂಧದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಲೆಕ್ಕ ಕೊಟ್ಟ. ಆತನಿಗೆ ಅದು ಅಳತೆ. ಇಂದು ಇಮೇಲ್‌ನಲ್ಲಿ ‘ಬ್ಯಾಂಡ್‌ವಿಡ್ತ್ ಇಲ್ಲ’ ಎಂದು ಬರೆಯುವವರು ಯಾವುದನ್ನೂ ಅಳೆದಿರುವುದಿಲ್ಲ.

ಹಾಗಾದರೆ ರೂಪಕ ತಪ್ಪುವುದೆಲ್ಲಿ? ಮೊದಲನೆಯದು, ಅಗಲ ಕಡಿಮೆಯಾದರೆ ಸಾಗಾಟ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಒಂದು ಗಿಗಾಬೈಟ್ ಕಡತ ಸೆಕೆಂಡಿಗೆ 10 ಮೆಗಾಬಿಟ್‌ನ ಸಂಪರ್ಕದಲ್ಲಿ ಹದಿಮೂರು ನಿಮಿಷ ಚಿಲ್ಲರೆಯಲ್ಲಿ ಬರುತ್ತದೆ, 1 ಮೆಗಾಬಿಟ್‌ನಲ್ಲಿ ಎರಡು ಗಂಟೆ ಹದಿಮೂರು ನಿಮಿಷ ಬೇಕು. ಎರಡರಲ್ಲೂ ಬರುತ್ತದೆ. ರೂಪಕಕ್ಕೆ ನಿಷ್ಠೆಯಿಂದ ಇರುವವರು ‘ಬುಧವಾರದ ಬದಲು ಮುಂದಿನ ಸೋಮವಾರ ಕೊಡುತ್ತೇನೆ’ ಎನ್ನಬೇಕು. ಬಳಕೆಯಲ್ಲಿ ಅದು ‘ಇಲ್ಲ’ ಎನ್ನುವ ಇನ್ನೊಂದು ಬಗೆ.

ಇನ್ನು ಗದ್ದಲ. ಎಂಟು ಗಂಟೆಯ ದಿನ ಎಂಟು ಗಂಟೆಯೇ ಆಗಿರುತ್ತದೆ, ಆದರೆ ಹತ್ತು ನಿಮಿಷಕ್ಕೊಮ್ಮೆ ಫೋನು ಕಿಣಿಗುಟ್ಟುತ್ತಿರುತ್ತದೆ. ಮೇಲಿನ ಟೆಲಿಫೋನ್ ತಂತಿಯ ಪಾಡೂ ಇದೇ. ದೂರು ಮಾತ್ರ ಅಗಲದ ಮೇಲೆ ಬೀಳುತ್ತದೆ, ಪರಿಹಾರವಾಗಿ ಇನ್ನೊಬ್ಬರನ್ನು ಕೆಲಸಕ್ಕೆ ಸೇರಿಸುತ್ತಾರೆ, ಅವರೊಡನೆ ಇನ್ನೊಂದಷ್ಟು ಮೀಟಿಂಗು ಸೇರಿಕೊಳ್ಳುತ್ತವೆ. ‘ಬ್ಯಾಂಡ್‌ವಿಡ್ತ್ ಇಲ್ಲ’ ಎನ್ನುವವರು ಬಹಳ, ‘ನನ್ನಲ್ಲಿ ಗದ್ದಲ ಹೆಚ್ಚಾಗಿದೆ’ ಎನ್ನುವವರು ಕಾಣುವುದಿಲ್ಲ. ಸೂತ್ರದ ಅರ್ಧವನ್ನಷ್ಟೇ ಎರವಲು ತಂದರೆ ಹೀಗಾಗುತ್ತದೆ.

ವಿಳಂಬ ಮತ್ತೊಂದು ಬಗೆಯದು. ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಎತ್ತರದಲ್ಲಿದೆ. ಸಂಕೇತ ಮೇಲೇರಿ ಕೆಳಗಿಳಿಯಲು ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ. ಪಟ್ಟಿಯನ್ನು ಎಷ್ಟೇ ಅಗಲಿಸಿ, ಆ ಕಾಲು ಸೆಕೆಂಡ್ ಕರಗುವುದಿಲ್ಲ. ಒಬ್ಬರ ಒಪ್ಪಿಗೆಗಾಗಿ ಮೂರು ದಿನ ಕಾಯುತ್ತ ಕೂತ ಕೆಲಸಕ್ಕೂ ಬ್ಯಾಂಡ್‌ವಿಡ್ತಿಗೂ ಸಂಬಂಧವೇ ಇಲ್ಲ.

ಪದಕ್ಕೆ ಇಷ್ಟು ಬೇಡಿಕೆ ಬಂದದ್ದಕ್ಕೆ ಅದರ ನಯವೇ ಕಾರಣ. ‘ಮನಸ್ಸಿಲ್ಲ’ ಎಂದರೆ ನಿಷ್ಠುರವಾಗುತ್ತದೆ, ‘ಬರುವುದಿಲ್ಲ’ ಎಂದರೆ ಸಣ್ಣವರಾಗುತ್ತೇವೆ. ಬ್ಯಾಂಡ್‌ವಿಡ್ತ್ ಇಲ್ಲವೆಂದರೆ ತಪ್ಪೆಲ್ಲ ತಂತಿಯದು! ಮೇಲಿನವರಿಗೂ ಅನುಕೂಲವಿದೆ: ‘ನಿನಗೆ ಬ್ಯಾಂಡ್‌ವಿಡ್ತ್ ಇದೆಯಾ?’ ಎಂದು ಕೇಳಿದರೆ ಕೆಲಸ ಹೇರಿದಂತೆ ಕಾಣದು, ಇಲ್ಲವೆಂದರೆ ಕೊರತೆ ಎದುರಿಗಿರುವವರದಾಗುತ್ತದೆ.

ಪದ ಸರಿಯಾಗಿ ಕೂತ ಒಂದು ಕಡೆಯನ್ನೂ ಹೇಳಬೇಕು. ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್ ಮತ್ತು ಮನಶ್ಶಾಸ್ತ್ರಜ್ಞ ಎಲ್ಡಾರ್ ಶಫೀರ್ ಬಡತನದ ಚಿಂತೆ ತಲೆಯ ಎಷ್ಟು ಭಾಗವನ್ನು ಆಕ್ರಮಿಸುತ್ತದೆ ಎಂಬುದಕ್ಕೆ ಇದೇ ಪದವನ್ನು ಬಳಸಿದರು. ಅವರೂ ಸಂಗಡಿಗರೂ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರಿದ್ದರು. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಅವರು ಬುದ್ಧಿಪರೀಕ್ಷೆಯಲ್ಲಿ ಕೊಟ್ಟ ಸರಿಯುತ್ತರಗಳಿಗಿಂತ ಕಟಾವಿನ ನಂತರ ಅದೇ ರೈತರು ಕೊಟ್ಟವು ಹೆಚ್ಚು. ಇಲ್ಲಿ ಏನು ಕಡಿಮೆಯಾಯಿತು, ಏಕೆ, ಎಷ್ಟು ಎಂಬುದಕ್ಕೆ ಉತ್ತರವಿದೆ. ಆಫೀಸಿನ ಬಳಕೆಯಲ್ಲಿ ಆ ಮೂರೂ ಇಲ್ಲ.

ಇಂಗ್ಲಿಷಿನ ‘ಟೈಮ್’, ‘ಎನರ್ಜಿ’, ‘ಅಟೆನ್ಷನ್’, ‘ಇಂಟರೆಸ್ಟ್’ ನಾಲ್ಕನ್ನೂ ಈ ಒಂದು ಪದ ನುಂಗಿದೆ. ಅನುವಾದಿಸುವಾಗ ಇದು ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಕನ್ನಡ ಆಯ್ಕೆ ಮಾಡಿಸುತ್ತದೆ. ಗಂಟೆಗಳ ಕೊರತೆಯಾದರೆ ‘ಪುರುಸೊತ್ತಿಲ್ಲ’, ಗಮನ ನಿಲ್ಲದಿದ್ದರೆ ‘ತಲೆ ಓಡುತ್ತಿಲ್ಲ’, ಬೇಡವಾಗಿದ್ದರೆ ‘ಮನಸ್ಸಿಲ್ಲ’. ಬಿಡುವು, ತಾಳ್ಮೆ ಎರಡೂ ಕೂಡಿದ ‘ವ್ಯವಧಾನ’ ಎಲ್ಲಕ್ಕಿಂತ ಹತ್ತಿರ ಬರುತ್ತದೆ, ಆದರೆ ‘ನನಗೆ ವ್ಯವಧಾನವಿಲ್ಲ’ ಎಂದರೆ ಕೇಳುವವರಿಗೆ ಅಸಹನೆಯೂ ಕೇಳಿಸುತ್ತದೆ. ಇಂಗ್ಲಿಷ್ ಪದ ಮುಚ್ಚಿಡುವುದು ಅದನ್ನೇ.

ಇಂಗ್ಲಿಷಿನಲ್ಲೇ ಬರೆಯಬೇಕಾದವರು ಕೊರತೆ ಯಾವುದೆಂದು ನಿರ್ಧರಿಸಿಕೊಂಡು ಅದರ ಹೆಸರನ್ನೇ ಬರೆಯಲಿ, ಸಮಯವಾದರೆ ಗಂಟೆ, ತಾರೀಖುಗಳ ಸಮೇತ. ‘ಬ್ಯಾಂಡ್‌ವಿಡ್ತ್ ಇದೆಯಾ?’ ಎಂದು ಯಾರಾದರೂ ಕೇಳಿದರೆ ಇದೆ, ಇಲ್ಲ ಎನ್ನುವ ಮೊದಲು ತಿರುಗಿ ಕೇಳಬಹುದು: ‘ಎಷ್ಟು ಗಂಟೆಯ ಕೆಲಸ, ಯಾವತ್ತಿಗೆ ಬೇಕು, ಅದಕ್ಕಾಗಿ ಈಗಿರುವುದರಲ್ಲಿ ಯಾವುದನ್ನು ಬಿಡಲಿ?’